ಒಣಗಲು ಹೋದ ಕಡತ

ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು; ಬೆನ್ನು ತಿರುಗಿಸಿದ ತಕ್ಷಣ ಚೀಟಮ್ಮ. ಸರ್ಕಾರಿ ಪತ್ರಾಗಾರದ ಮುಖ್ಯಸ್ಥೆಗೆ ಇಂಥ ಹೆಸರು ಅಂಟಿಕೊಳ್ಳಲು ಒಂದು ನಿಯಮ ಕಾರಣ. ಕಪಾಟಿನಿಂದ ಯಾವ ಕಡತ ಹೊರಗೆ ಹೋದರೂ ಅದರ ಜಾಗದಲ್ಲಿ ಒಂದು ಚೀಟಿ ಇರಬೇಕು. ಯಾರು ಒಯ್ದರು, ಯಾವತ್ತು ಒಯ್ದರು, ಎಲ್ಲಿಗೆ ಒಯ್ದರು, ಮೂರೂ ಅದರಲ್ಲಿರಬೇಕು. ಒಂದು ತಪ್ಪಿದರೂ ಅವಳು ಬಿಡುವವಳಲ್ಲ. "ಎಲ್ಲಿಗೆ ಅಂತ ಬರೀದೆ ಇರೋ ಚೀಟಿ ಚೀಟಿನೇ ಅಲ್ಲ, ಕಸ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಬೆವರಿಳಿಸುತ್ತಿದ್ದಳು. ಒಮ್ಮೆ ಮಂತ್ರಿಗಳ ಕಚೇರಿಯಿಂದ ಬಂದಿದ್ದ ದೊಡ್ಡ ಅಧಿಕಾರಿಯನ್ನೇ ಬಾಗಿಲಲ್ಲಿ ತಡೆದು ಚೀಟಿ ಬರೆಸಿಕೊಂಡಿದ್ದಳು. ಪಾಪ, ಆ ಮನುಷ್ಯ ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು ಬರೆದುಕೊಟ್ಟು ಹೋಗಿದ್ದರು.

ಪತ್ರಾಗಾರ ಅನ್ನುವ ಹೆಸರೇನೋ ದೊಡ್ಡದು, ಕಟ್ಟಡ ನೋಡಿದರೆ ಮಾತ್ರ ಅಯ್ಯೋ ಅನ್ನಿಸುತ್ತಿತ್ತು. ಯಾವ ಕಾಲದಲ್ಲೋ ಕಾಳಿನ ಗೋದಾಮಾಗಿದ್ದ ಉದ್ದನೆಯ ಕೊಠಡಿ ಅದು. ಮಳೆ ಬಂತೆಂದರೆ ಹದಿನೇಳು ಕಡೆ ಸೋರುತ್ತಿತ್ತು. ಹದಿನೇಳು ಕಡೆಗೂ ಹದಿನೇಳು ಬಕೆಟ್ಟು, ಪ್ರತಿ ಬಕೆಟ್ಟಿನ ಮೇಲೆ ನಂಬರು, ಯಾವ ಬಕೆಟ್ಟು ಎಲ್ಲಿಡಬೇಕೆಂಬ ನಕಾಶೆ ಬೇರೆ. ಆದರೂ ಒಂದಷ್ಟು ಕಡತ ಒದ್ದೆಯಾಗಿಯೇ ಆಗುತ್ತಿದ್ದವು. ಅವನ್ನು ಹೊತ್ತುಕೊಂಡು ಒಣಗಿಸುವ ಜಾಗ ಹುಡುಕುತ್ತ ಪತ್ರಾಗಾರದವರು ಬೀದಿ ಬೀದಿ ಅಲೆಯಬೇಕು. ಒಂದು ವರ್ಷ ಶಾಲೆಯ ಸಭಾಂಗಣ, ಇನ್ನೊಂದು ವರ್ಷ ಅಗ್ನಿಶಾಮಕ ಠಾಣೆಯ ಷೆಡ್ಡು. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ, ಅಂದರೆ ಇಪ್ಪತ್ತೇಳು ವರ್ಷದ ಹಿಂದೆ, ಪಕ್ಕದ ಲಾಂಡ್ರಿಯ ಬಿಸಿ ಕೋಣೆ ಸಿಕ್ಕಿತ್ತು. ಕಡತಗಳು ಒಣಗುವಷ್ಟರಲ್ಲಿ ಅವಳಿಗೆ ಲಾಂಡ್ರಿಯ ಮಾಲೀಕರ ಮಗನ ಪರಿಚಯವಾಗಿ, ಆ ವರ್ಷ ಮುಗಿಯುವುದರೊಳಗೆ ಮದುವೆಯೂ ಆಗಿಹೋಯಿತು. ಅಂದಿನಿಂದ ಅವಳ ಮನೆ ಲಾಂಡ್ರಿಯ ಮೇಲಿನ ಮಹಡಿ. ಕಚೇರಿಗೆ ನಲವತ್ತು ಹೆಜ್ಜೆ.

ಹೊಸ ಕಟ್ಟಡ ಕೊಡಿ ಎಂದು ಹನ್ನೊಂದು ವರ್ಷ ಚಪ್ಪಲಿ ಸವೆಸಿದಳು. ಅಡ್ಡ ನಿಂತವರು ಹಣಕಾಸು ಕಚೇರಿಯ ಪರಿಶೀಲನಾಧಿಕಾರಿ. ಯಾವ ಪ್ರಸ್ತಾವ ಹೋದರೂ ಕೊಕ್ಕೆ ಹಾಕಿ ವಾಪಸ್ ಕಳಿಸುವುದರಲ್ಲಿ ನಿಸ್ಸೀಮರಾದ್ದರಿಂದ ಅವರಿಗೆ ಕೊಕ್ಕೆ ಸಾಹೇಬರೆಂದೇ ಹೆಸರು. ಹಳೇ ಕಾಗದ ಯಾಕೆ ಇಟ್ಟುಕೊಳ್ಳಬೇಕು ಎಂದು ಒಂದು ವರ್ಷ ಕೇಳಿದರು. ಮರುವರ್ಷ, ಒಟ್ಟು ಕಾಗದದ ತೂಕ ಎಷ್ಟು ಎಂದರು. ಚೀಟಮ್ಮ ಹಟಕ್ಕೆ ಬಿದ್ದು ತಕ್ಕಡಿ ತರಿಸಿ ಒಂದು ಕಪಾಟು ಕಡತ ತೂಗಿಸಿ ಲೆಕ್ಕ ಕಳಿಸಿದಳು. ಒದ್ದೆಯಿದ್ದಾಗ ತೂಗಿದ್ದೋ ಒಣಗಿದ್ದಾಗ ತೂಗಿದ್ದೋ ಎಂದು ಮತ್ತೊಂದು ಕೊಕ್ಕೆ ಬಂತು. ಹೀಗೆ ಎಳೆದಾಡಿ ಎಳೆದಾಡಿ ಕೊನೆಗೂ ಈ ವರ್ಷ ಹಣ ಮಂಜೂರಾಯಿತು. ರಸ್ತೆಯಾಚೆ ಪಾಳುಬಿದ್ದಿದ್ದ ಹಳೇ ಸರ್ಕಾರಿ ಕುದುರೆ ಲಾಯದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ. ನಕ್ಷೆ ಬಂದ ದಿನ ಅವಳು ಅದನ್ನು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಟೀ ಲೋಟ ಇಟ್ಟು ನೋಡಿದ್ದೇ ನೋಡಿದ್ದು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಅಷ್ಟರೊಳಗೆ ಬಕೆಟ್ಟಿಲ್ಲದ ಕೋಣೆಯಲ್ಲಿ ಒಂದು ಮಳೆಗಾಲ ಕೂತು ಕೆಲಸ ಮಾಡಬೇಕೆಂಬುದು ಅವಳ ಆಸೆ. ಬೇರೆ ದೊಡ್ಡ ಆಸೆಯೇನೂ ಅವಳಿಗಿರಲಿಲ್ಲ.

ಅಷ್ಟರಲ್ಲಿ ಸರ್ಕಾರಿ ವಾಹನಗಳ ಇಲಾಖೆಯವರು ಎದ್ದು ಕೂತರು. ಲಾಯದ ಜಾಗ ನಮ್ಮದು, ಕಾರು ನಿಲ್ಲಿಸಲು ಬೇಕು ಎಂದರು. ಕೊಕ್ಕೆ ಸಾಹೇಬರಿಗೆ ಅಷ್ಟೇ ಸಾಕಿತ್ತು. ಅವಳನ್ನು ಕರೆಸಿ, ಕನ್ನಡಕದ ಮೇಲಿನಿಂದ ನೋಡುತ್ತ ಹೇಳಿದರು.

"ಆ ಜಾಗ ಪತ್ರಾಗಾರಕ್ಕೆ ಕೊಟ್ಟ ಮೂಲ ಆದೇಶ ಎಲ್ಲಿ? ನಕಲು ಆಗೋದಿಲ್ಲ, ಮೂಲವೇ ಬೇಕು. ಹದಿನೈದು ದಿನಕ್ಕೆ ವರ್ಷದ ಲೆಕ್ಕ ಮುಚ್ಚುತ್ತೆ. ಅಷ್ಟರೊಳಗೆ ತೋರಿಸದಿದ್ದರೆ ಹಣ ವಾಪಸ್, ಜಾಗ ಅವರಿಗೆ."

ಚೀಟಮ್ಮನಿಗೆ ನಗು ಬಂತು. "ಸರ್, ಕಾಗದ ಹುಡುಕೋದು ನಮಗೆ ಹೇಳಿಕೊಡ್ತೀರಾ? ಹದಿನೈದು ದಿನ ಯಾಕೆ, ನಾಳೆ ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಇರುತ್ತೆ ಬಿಡಿ."

ಆ ಮಾತು ಆಡಬಾರದಿತ್ತು. ಆಡಿಯಾಗಿತ್ತು.

ಮರುದಿನ ಬೆಳಿಗ್ಗೆ ಸಹಾಯಕಿಯನ್ನು ಜೊತೆಗೆ ಕರೆದುಕೊಂಡು ಅವಳು ಏಳನೇ ಕಪಾಟಿನ ಮುಂದೆ ನಿಂತಳು. ಸೂಚಿಯ ಪ್ರಕಾರ ಮೂರನೇ ಅರೆ, ಕಡತ ಇನ್ನೂರ ಹನ್ನೆರಡು. ಇನ್ನೂರ ಹನ್ನೊಂದು ಇತ್ತು, ಇನ್ನೂರ ಹದಿಮೂರೂ ಇತ್ತು. ನಡುವೆ ಒಂದು ರಟ್ಟು, ರಟ್ಟಿಗೆ ಅಂಟಿಸಿದ ಹಳದಿಗಟ್ಟಿದ ಚೀಟಿ. ಸಹಾಯಕಿ ಅದನ್ನು ಎಳೆದು ಓದಿದಳು. "ಒಣಗಲು ಹೋಗಿದೆ." ಕೆಳಗೆ ತಾರೀಖು ನೀರಿಗೆ ಕದಡಿ ಬರೀ ನೀಲಿ ಕಲೆಯಾಗಿತ್ತು. ಸಹಿ ಮಾತ್ರ ಸ್ಪಷ್ಟವಾಗಿತ್ತು. ಸಹಾಯಕಿ ಸಹಿಯನ್ನು ನೋಡಿದಳು, ಆಮೇಲೆ ಮೇಡಂ ಮುಖ ನೋಡಿದಳು, ಆಮೇಲೆ ಚಾವಣಿ ನೋಡುತ್ತ ನಿಂತಳು.

"ಹೇಳೇ, ಏನು ಹೇಳಬೇಕು ಅಂತಿದ್ದೀಯೋ."

"ಏನಿಲ್ಲ ಮೇಡಂ. ಎಲ್ಲಿಗೆ ಅಂತ ಬರೆದಿಲ್ಲ."

ಚೀಟಮ್ಮನ ಕಿವಿಯವರೆಗೂ ಬಿಸಿಯೇರಿತು. ಅಕ್ಷರ ಅವಳದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಅಕ್ಷರ ಹಾಗೆಯೇ ಬಲಕ್ಕೆ ವಾಲುತ್ತಿತ್ತು. ಆದರೆ ಯಾವ ವರ್ಷದ್ದು, ಯಾವ ಸೋರಿಕೆಯದು ಎಂದು ಹೇಗೆ ಹೇಳುವುದು? ಪ್ರತಿ ಮಳೆಗೂ ಯಾವುದೋ ಕಡತ ಎಲ್ಲಿಗೋ ಒಣಗಲು ಹೋಗುತ್ತಿತ್ತು.

ಮೊದಲು ರಿಜಿಸ್ಟರು ತೆಗೆಸಿದಳು. ಲಾಂಡ್ರಿಗೆ ಹೋದ ಕಡತ ನಲವತ್ತು, ವಾಪಸ್ ಬಂದದ್ದು ನಲವತ್ತು, ಅವಳದೇ ಸಹಿ. ಅಲ್ಲಿಗೆ ಲಾಂಡ್ರಿಯ ಮಾತು ಮುಗಿಯಿತು. ಉಳಿದ ವರ್ಷಗಳ ಲೆಕ್ಕ ಇಷ್ಟು ಚೊಕ್ಕವಾಗಿರಲಿಲ್ಲ. ಶಾಲೆಗೆ ಹೋಗಿ ಸಭಾಂಗಣದ ವೇದಿಕೆಯ ಕೆಳಗೆ ತೂರಿ ನೋಡಿದರು. ಮುರಿದ ಕುರ್ಚಿ, ನಾಟಕದ ಗಡ್ಡ ಸಿಕ್ಕಿತು. ಅಗ್ನಿಶಾಮಕ ಠಾಣೆಯವರು ಷೆಡ್ಡಿನ ಅಟ್ಟಕ್ಕೆ ತಮ್ಮ ಉದ್ದನೆ ಏಣಿಯನ್ನೇ ಹಾಕಿಕೊಟ್ಟರು. ಹತ್ತಿ ನೋಡಿದರೆ ಪಾರಿವಾಳದ ಗೂಡು. ಕಚೇರಿಯ ಒಂದೊಂದು ಅರೆಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಜಾಲಾಡಿದರು. ದಿನ ಉರುಳುತ್ತಿತ್ತು. ವಾಹನ ಇಲಾಖೆಯವರು ಲಾಯದ ಅಂಗಳದಲ್ಲಿ ಆಗಲೇ ಸುಣ್ಣದಿಂದ ಗೆರೆ ಎಳೆದು ಎರಡು ಕಾರು ತಂದು ನಿಲ್ಲಿಸಿದ್ದರು. ಅವಳ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು.

ಒಂದು ಸಂಜೆ ಲಾಂಡ್ರಿಯ ಹಿಂಬದಿಯಲ್ಲಿ ಗಂಡ ಮೇಜುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಅವಳು ಸ್ಟೂಲೆಳೆದು ಕೂತಳು.

"ರೀ, ಆಗ ನಾನು ತಂದಿದ್ದ ಕಡತ ಒಂದೂ ಇಲ್ಲಿ ಉಳಿದಿಲ್ಲ ತಾನೇ?"

"ಉಳಿದಿದ್ರೆ ಇಷ್ಟು ವರ್ಷ ನಿನ್ನ ಕಣ್ಣಿಗೆ ಬೀಳದೆ ಇರ್ತಿತ್ತಾ? ನಿನ್ನ ರಿಜಿಸ್ಟರು ಏನು ಹೇಳುತ್ತೆ?"

"ನಲವತ್ತಕ್ಕೆ ನಲವತ್ತು ಬಂದಿದೆ ಅನ್ನುತ್ತೆ."

"ಮತ್ತೆ? ನಿನ್ನ ರಿಜಿಸ್ಟರು ಯಾವತ್ತಾದರೂ ಸುಳ್ಳು ಹೇಳಿದ್ದುಂಟಾ?"

ಆ ಮಾತಿಗೆ ಅವಳು ಅಳುವುದೊಂದು ಬಾಕಿ. "ನನ್ನದೇ ಒಂದು ಚೀಟಿಯಿಂದ ಹನ್ನೊಂದು ವರ್ಷದ ಕೆಲಸ ಮಣ್ಣುಪಾಲಾಗುತ್ತೆ ಕಣ್ರೀ. ಇಡೀ ಊರಿಗೆ ಚೀಟಿ ಬರೆಯೋದು ಹೇಳಿಕೊಟ್ಟವಳು ನಾನು. ನನಗೆ ನಾಚಿಕೆಯಾಗ್ತಿದೆ." ಗಂಡ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಅವಳ ತಲೆ ಸವರಿದ. ಅವನ ಕೈ ಬೆಚ್ಚಗಿತ್ತು.

ಹದಿಮೂರನೇ ದಿನ ಬೆಳಿಗ್ಗೆ ಅವಳು ಕೊಕ್ಕೆ ಸಾಹೇಬರಿಗೆ ಸೋಲೊಪ್ಪಿಕೊಳ್ಳುವ ಪತ್ರ ಬರೆಯಲು ಕೂತಿದ್ದಳು. ಎರಡು ಸಾಲು ಬರೆದಿರಬೇಕು, ಬೈಂಡರು ಒಳಗೆ ಬಂದ. ಹರಿದ ಪುಟ ಅಂಟಿಸಿ ರಟ್ಟು ಕಟ್ಟುವ ಮುದುಕ. ಮಾತು ಕಡಿಮೆ, ಅಂಟು ಜಾಸ್ತಿ. ಮೇಜಿನ ಮೇಲಿದ್ದ ಆ ಚೀಟಿಯನ್ನು ಕೈಗೆತ್ತಿಕೊಂಡು ಅಂಚನ್ನು ಉಗುರಿನಿಂದ ಕೆರೆದು ನೋಡಿದ.

"ಇದನ್ನ ರಟ್ಟಿಗೆ ಅಂಟಿಸಿದ್ದು ನಾನೇ ಮೇಡಂ."

"ಗೊತ್ತು. ಚೀಟಿಗಳು ಹಾರಿಹೋಗ್ತವೆ, ಎಲ್ಲಾ ರಟ್ಟಿಗೆ ಅಂಟಿಸು ಅಂತ ನಾನೇ ಹೇಳಿದ್ದೆ."

"ಇದರ ಹಿಂದುಗಡೆ ಏನೋ ಅಚ್ಚಾಗಿತ್ತು."

ಅವಳು ಪೆನ್ನು ಕೆಳಗಿಟ್ಟಳು. "ಅದನ್ನ ಆವತ್ತೇ ಹೇಳಬಾರದಿತ್ತೇನಯ್ಯಾ?"

"ಹೇಳಿದೆ. ಹಿಂದುಗಡೆ ಏನಿದ್ರೆ ನಿನಗೇನು, ಅಂಟಿಸು ಅಂದ್ರಿ."

ಸಹಾಯಕಿ ಮತ್ತೆ ಚಾವಣಿ ನೋಡತೊಡಗಿದಳು.

ಬೈಂಡರು ಒದ್ದೆ ಬಟ್ಟೆಯ ಕೆಳಗೆ ರಟ್ಟನ್ನಿಟ್ಟು, ಅರ್ಧ ಗಂಟೆ ಯಾರೂ ಮುಟ್ಟಕೂಡದೆಂದು ಹೇಳಿ ಟೀ ಕುಡಿಯಲು ಹೋದ. ಆ ಅರ್ಧ ಗಂಟೆ ಚೀಟಮ್ಮ ಕೋಣೆಯ ಈ ತುದಿಯಿಂದ ಆ ತುದಿಗೆ ಬಕೆಟ್ಟುಗಳ ನಡುವೆ ಓಡಾಡಿದಳು. ಅವನು ಬಂದು ಮೂಳೆಯ ಚಾಕುವಿನಿಂದ ಮೂಲೆ ಎಬ್ಬಿಸಿ, ಉಸಿರು ಬಿಗಿಹಿಡಿದು, ಚೀಟಿಯನ್ನು ಸುಲಿದು ತೆಗೆದ. ಮಗುಚಿದ. ಹಿಂದೆ ಕೆಂಪು ಅಕ್ಷರದಲ್ಲಿ ಲಾಂಡ್ರಿಯ ರಸೀದಿ. ನಂಬರು ನಲವತ್ತು. ಕೆಳಗೆ ದಪ್ಪಗೆ ಅಚ್ಚಾಗಿತ್ತು: ರಸೀದಿ ತರದೆ ಗಂಟು ಕೊಡಲಾಗುವುದಿಲ್ಲ.

ಆಗ ಅವಳಿಗೆ ನೆನಪಾಯಿತು. ಆ ವರ್ಷ ಕಚೇರಿಯಲ್ಲಿ ಚೀಟಿಯ ಕಾಗದ ಖಾಲಿಯಾಗಿತ್ತು. ಲಾಂಡ್ರಿಯವರು ಕಡತಕ್ಕೊಂದರಂತೆ ಕೊಟ್ಟ ರಸೀದಿಗಳ ಹಿಂಭಾಗವನ್ನೇ ಚೀಟಿ ಮಾಡಿಕೊಂಡು ಕಪಾಟಿನಲ್ಲಿಟ್ಟಿದ್ದಳು. ಎಲ್ಲಿಗೆ ಅಂತ ಬರೆಯುವುದೇಕೆ, ಹಿಂದೆ ಅಚ್ಚಾಗಿದೆಯಲ್ಲ ಎಂದುಕೊಂಡಿದ್ದಳು. ಕಡತ ತರಲು ಹೋಗುವಾಗ ಚೀಟಿ ತೆಗೆದುಕೊಂಡು ಹೋಗಬೇಕು, ಕಡತ ಬಂದರೆ ಚೀಟಿ ಲಾಂಡ್ರಿಗೆ. ಎಂಥ ಚೊಕ್ಕ ಏರ್ಪಾಡು ಎಂದು ಆಗ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಮತ್ತೆ ಈ ಒಂದು ಚೀಟಿ ಇಲ್ಲೇ ಯಾಕೆ ಉಳಿಯಿತು? ರಿಜಿಸ್ಟರಿನಲ್ಲಿ ನಲವತ್ತು ಅಂತ ಯಾಕಿದೆ? ಯೋಚಿಸುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ನಲವತ್ತು ಹೆಜ್ಜೆಯ ದಾರಿಯನ್ನು ಅವಳು ಇಪ್ಪತ್ತರಲ್ಲಿ ಮುಗಿಸಿದಳು. ಸಹಾಯಕಿ, ಬೈಂಡರು ಹಿಂದೆಯೇ ಓಡಿದರು.

ಲಾಂಡ್ರಿಯ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಎಂಬತ್ತೊಂದು ವರ್ಷ; ಅಂಗಡಿಯ ಲೆಕ್ಕ, ರಸೀದಿ, ಬೀಗದ ಕೈ ಎಲ್ಲ ಇವತ್ತಿಗೂ ಅವರದೇ. ಅವರ ಬೆನ್ನ ಹಿಂದೆ ಯಾರೂ ಬಂದು ಒಯ್ಯದ ಗಂಟುಗಳ ಕಪಾಟು. ಒಂದನ್ನೂ ಅವರು ಎಸೆದವರಲ್ಲ.

"ಅತ್ತೆ, ನಲವತ್ತನೇ ನಂಬರಿನ ಗಂಟು..."

"ರಸೀದಿ ಎಲ್ಲಿ?"

ಅವಳು ಇನ್ನೂ ತೇವವಿದ್ದ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಹಿಂದೆ ಮುಂದೆ ತಿರುಗಿಸಿದರು. ಸ್ಟೂಲಿನಿಂದ ಇಳಿದರು. ಕಪಾಟಿನ ಕೆಳಗಿನ ಅರೆಯಲ್ಲಿ, ಯಾವನೋ ಮದುಮಗನ ಕೋಟು ಮತ್ತು ಒಂದು ಜೊತೆ ಪರದೆಯ ಹಿಂದಿನಿಂದ, ಬಿಳೀ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ಇಟ್ಟರು. ಬಟ್ಟೆಯ ಮೇಲೆ ಶಾಯಿಯಲ್ಲಿ ನಲವತ್ತು ಎಂದಿತ್ತು. ಬಿಚ್ಚಿದರೆ ಕಡತ ಇನ್ನೂರ ಹನ್ನೆರಡು. ಪುಟಗಳು ಇಸ್ತ್ರಿ ಹಾಕಿದ ಅಂಗಿಯ ಹಾಗೆ ನಯವಾಗಿದ್ದವು. ಎರಡನೇ ಹಾಳೆಯೇ ಲಾಯದ ಜಾಗದ ಮೂಲ ಆದೇಶ, ಮೊಹರು ಸಮೇತ.

ಚೀಟಮ್ಮ ಕಡತವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಅತ್ತೆ, ಇಪ್ಪತ್ತೇಳು ವರ್ಷ ಇದು ಇಲ್ಲೇ ಇತ್ತಾ? ಹದಿಮೂರು ದಿನದಿಂದ ನಾನು ಊರೆಲ್ಲ ಹುಡುಕ್ತಾ ಇದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನನ್ನ ಯಾರು ಕೇಳಿದ್ರಮ್ಮಾ? ಗಂಟಿನೊಳಗೆ ಏನಿದೆ ಅಂತ ಬಿಚ್ಚಿ ನೋಡೋ ಚಾಳಿ ನಮ್ಮ ಅಂಗಡೀಲಿ ಯಾರಿಗೂ ಇಲ್ಲ. ರಸೀದಿ ತಂದವರಿಗೆ ಗಂಟು ಕೊಡೋದು. ನೀನು ಯಾವತ್ತು ರಸೀದಿ ತಂದೆ?"

"ನಾನು ಈ ಮನೆ ಸೊಸೆ ಅತ್ತೆ."

"ಸೊಸೆಯಾದ್ರೆ ರಸೀದಿ ಬೇಡ್ವಾ?"

ಅತ್ತೆಯ ಜಾಗದಲ್ಲಿದ್ದರೆ ಚೀಟಮ್ಮನೂ ಅದನ್ನೇ ಹೇಳುತ್ತಿದ್ದಳು.

ಗದ್ದಲ ಕೇಳಿ ಗಂಡ ಹಿಂದಿನಿಂದ ಬಂದ. ಕೌಂಟರಿನ ಮೇಲಿನ ಗಂಟು ನೋಡಿದವನೇ ಬಂದ ಕಾಲಲ್ಲಿ ವಾಪಸ್ ಹೊರಟ.

"ನಿಲ್ಲಿ ರೀ. ಆವತ್ತು ನಾನು ಇದನ್ನ ತಗೊಂಡು ಹೋಗೋಕೆ ಬಂದಾಗ, ಇನ್ನೂ ಹಸಿ ಇದೆ, ಮುಂದಿನ ವಾರ ಬನ್ನಿ ಅಂತ ನೀವೇ ಹೇಳಿದ್ರಿ. ನನಗೆ ಈಗ ನೆನಪಾಗ್ತಿದೆ. ಎಷ್ಟು ಸಲ ಹೇಳಿದ್ರಿ?"

ಗಂಡ ಕಿವಿ ಕೆರೆದುಕೊಂಡ. ಐವತ್ತೆಂಟು ವರ್ಷದ ಮನುಷ್ಯ ನಾಚಿಕೊಳ್ಳುವುದನ್ನು ಸಹಾಯಕಿ ಅದೇ ಮೊದಲ ಸಲ ನೋಡಿದ್ದು.

"ಒಂಬತ್ತು ಸಲ. ಅದು ಮೊದಲನೇ ದಿನವೇ ಒಣಗಿತ್ತು. ಇದೊಂದು ಕೊಟ್ಟುಬಿಟ್ರೆ ನೀನು ಇಲ್ಲಿಗೆ ಬರೋದೇ ನಿಂತುಹೋಗುತ್ತಲ್ಲ ಅಂತ ಬಟ್ಟೆ ಸುತ್ತಿ ಹಿಂದೆ ಇಟ್ಟೆ. ಮದುವೆ ಆದ್ಮೇಲೆ ನೀನೇ ಯಾವಾಗಲೋ ತಗೊಂಡು ಹೋಗಿರ್ತೀಯ ಅಂದ್ಕೊಂಡೆ. ನಿನ್ನ ರಿಜಿಸ್ಟರಲ್ಲೂ ನಲವತ್ತು ಅಂತಿತ್ತಲ್ಲ. ಅದೇ ನನಗೆ ಅರ್ಥವಾಗ್ತಿಲ್ಲ. ಇಲ್ಲಿರೋ ಕಡತ ಅಲ್ಲಿ ಬಂತು ಅಂತ ಹೇಗೆ ಬರೆದೆ?"

ಈಗ ನಾಚಿಕೊಳ್ಳುವ ಸರದಿ ಚೀಟಮ್ಮನದು. ಎಲ್ಲವೂ ನಿಚ್ಚಳವಾಗಿ ನೆನಪಾಗಿತ್ತು.

"ಒಂದು ಬಾಕಿ ಅಂತ ರಿಜಿಸ್ಟರಲ್ಲಿ ಇದ್ದಿದ್ರೆ, ಆಗಿನ ಸಾಹೇಬರು ತರೋಕೆ ಜವಾನನ್ನ ಕಳಿಸ್ತಿದ್ರು," ಎಂದಳು ಮೆಲ್ಲಗೆ. "ನನಗೋ ನಾನೇ ಬರಬೇಕು ಅಂತ ಆಸೆ. ಅದಕ್ಕೆ ನಲವತ್ತು ಅಂತ ಬರೆದುಬಿಟ್ಟೆ."

ಬೈಂಡರು ಗಂಟಲು ಸರಿಮಾಡಿಕೊಂಡು ಮದುಮಗನ ಕೋಟನ್ನು ನೋಡುತ್ತ ನಿಂತ. ಅತ್ತೆ ಮಗನನ್ನೂ ಸೊಸೆಯನ್ನೂ ಒಮ್ಮೆ ನೋಡಿ, "ಇಬ್ಬರೂ ಸೇರಿ ನನ್ನ ಕಪಾಟಿನ ಒಂದು ಜಾಗ ಇಪ್ಪತ್ತೇಳು ವರ್ಷ ಹಿಡಿದಿಟ್ಟಿರಿ," ಎಂದು ಮೂಗು ಮುರಿದರು. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

ಹದಿನಾಲ್ಕನೇ ದಿನ ಕಡತ ಕೊಕ್ಕೆ ಸಾಹೇಬರ ಮೇಜಿನ ಮೇಲಿತ್ತು. ಅವರು ಆದೇಶ ಓದಿದರು, ಮೊಹರಿನ ಮೇಲೆ ಭೂತಗನ್ನಡಿ ಹಿಡಿದರು, ಹಾಳೆ ಮುಟ್ಟಿ ನೋಡಿದರು. ಆಮೇಲೆ ರಿಜಿಸ್ಟರು ತರಿಸಿದರು. ಅವರು ರಿಜಿಸ್ಟರು ನೋಡದೆ ಬಿಡುವ ಜನ ಅಲ್ಲವೆಂದು ಚೀಟಮ್ಮನಿಗೆ ಗೊತ್ತಿತ್ತು, ಅವಳಾಗಿದ್ದರೂ ನೋಡುತ್ತಿದ್ದಳು.

"ಈ ಕಡತ ಇಪ್ಪತ್ತೇಳು ವರ್ಷದ ಹಿಂದೆಯೇ ವಾಪಸ್ ಬಂದಿದೆ ಅಂತ ಇಲ್ಲಿದೆ. ಬಂದಿದ್ದು ನಿನ್ನೆ ಅಂತೀರಿ. ನಡುವೆ ಎಲ್ಲಿತ್ತು, ಯಾಕಿತ್ತು? ಲಿಖಿತ ವಿವರಣೆ ಬೇಕು. ಅದಿಲ್ಲದೆ ನಾನು ಸಹಿ ಹಾಕೋದಿಲ್ಲ."

ಕಳೆದುಹೋಗಿತ್ತು, ಸಿಕ್ಕಿತು ಎಂದು ಕಾಗೆ ಹಾರಿಸಬಹುದಿತ್ತು. ಸಹಾಯಕಿ ಹಾಗೇ ಬರೆಯಿರಿ ಎಂದು ಕಣ್ಣಲ್ಲೇ ಗೋಗರೆದಳು. ಸುಳ್ಳು ನಮೂದು ಮಾಡಿದ್ದೇನೆಂದು ಒಪ್ಪಿಕೊಂಡರೆ ನಿವೃತ್ತಿಯ ಹೊಸ್ತಿಲಲ್ಲಿ ಅವಳ ಕೆಲಸಕ್ಕೇ ಕುತ್ತು ಬಂದೀತು. ಆದರೆ ಒಂದು ಸುಳ್ಳು ನಮೂದಿನ ಮೇಲೆ ಇನ್ನೊಂದು ಬರೆಯಲು ಅವಳಿಗೆ ಕೈ ಬರಲಿಲ್ಲ. ಅಲ್ಲಿಯೇ ಕೂತು, ಕಾಗದದ ಮೇಲೆ ಅಂಕಣ ಎಳೆದು, ಕಚೇರಿಯ ಭಾಷೆಯಲ್ಲೇ ಬರೆದಳು. ಕಡತ ಇದ್ದ ಸ್ಥಳ: ಪಕ್ಕದ ಲಾಂಡ್ರಿ. ರಿಜಿಸ್ಟರಿನ ನಮೂದು: ತಪ್ಪು, ಬರೆದವಳು ನಾನೇ. ವಿಳಂಬಕ್ಕೆ ಕಾರಣ: ಕೊಡಬೇಕಾದವರಿಗೂ ತರಬೇಕಾದವರಿಗೂ ಆತುರವಿರಲಿಲ್ಲ, ನಂತರ ಇಬ್ಬರೂ ಪರಸ್ಪರ ವಿವಾಹವಾದ್ದರಿಂದ ವಿಷಯ ಮರೆತುಹೋಯಿತು.

ಕೊಕ್ಕೆ ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ಹನ್ನೊಂದು ವರ್ಷದಲ್ಲಿ ಅವರ ಹಲ್ಲನ್ನು ಯಾರೂ ಕಂಡಿರಲಿಲ್ಲ; ಅವತ್ತು ಕಂಡಿತು. ಪೆನ್ನು ತೆಗೆದು ಅಂಚಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಅವಳ ಕಡೆ ತಳ್ಳಿದರು.

"ಕಾರಣ ಒಪ್ಪಲಾಗಿದೆ. ಮುಂದೆ ಚೀಟಿಯಲ್ಲಿ ಸ್ಥಳವನ್ನು ತಪ್ಪದೆ ನಮೂದಿಸುವುದು."

ಎರಡು ವರ್ಷ ಎರಡು ತಿಂಗಳಿಗೆ ಕಟ್ಟಡ ಎದ್ದಿತು. ಸುಣ್ಣದ ಗೆರೆಗಳಿದ್ದ ಜಾಗದಲ್ಲಿ ಮೂರು ಅಂತಸ್ತು, ನೆಲ ಅಂತಸ್ತಿನಲ್ಲಿ ಗಾಳಿಯಾಡುವ ಒಣಗಿಸುವ ಕೋಣೆ. ಒದ್ದೆಯಾಗದ ಮನೆಯಲ್ಲಿ ಒಣಗಿಸುವ ಕೋಣೆ ಯಾಕೆ ಎಂದು ಕೊಕ್ಕೆ ಸಾಹೇಬರು ಕೊನೆಯ ಕೊಕ್ಕೆ ಹಾಕಿದ್ದರು, ಆಮೇಲೆ ತಾವೇ ತೆಗೆದರು. ಕಡತಗಳು ರಸ್ತೆ ದಾಟಿ ಬಂದವು, ದಾರಿಯುದ್ದಕ್ಕೂ ಒಂದೊಂದಕ್ಕೂ ಚೀಟಿ. ಏಳನೇ ಕಪಾಟು ತುಂಬುವ ದಿನ ಅತ್ತೆಯನ್ನೂ ಗಂಡನನ್ನೂ ಕರೆಸಿ, ಚೀಟಮ್ಮ ಇನ್ನೂರ ಹನ್ನೆರಡನ್ನು ತನ್ನ ಕೈಯಾರೆ ಅದರ ಜಾಗದಲ್ಲಿಟ್ಟಳು. ಲಾಂಡ್ರಿಯಿಂದ ಕಡತದ ಜೊತೆಯಲ್ಲೇ ವಾಪಸ್ ಬಂದು ಇಷ್ಟು ದಿನ ಅದರ ಜಾಗ ಕಾದಿದ್ದ ಹಳದಿ ಚೀಟಿ ಈಗ ಬೇಡವಾಗಿತ್ತು.

"ಅದು ನಮ್ಮ ರಸೀದಿ. ಗಂಟು ಕೊಟ್ಟ ಮೇಲೆ ರಸೀದಿ ಅಂಗಡಿಗೆ ಬರಬೇಕು," ಎಂದು ಅತ್ತೆ ಕೈ ಚಾಚಿದರು.

"ಹಿಂದುಗಡೆ ನಮ್ಮ ಚೀಟಿ ಇದೆ ಅತ್ತೆ. ಅದು ಪತ್ರಾಗಾರದ ದಾಖಲೆ."

ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಚೀಟಮ್ಮ ಒಂದು ಹೊಸ ಚೀಟಿ ಬರೆದು ಕಪಾಟಿನಲ್ಲಿಟ್ಟು ಹಳೆಯದನ್ನು ಅತ್ತೆಯ ಕೈಗೆ ಹಾಕಿದಳು. ಹೊಸ ಚೀಟಿಯಲ್ಲಿ ಯಾರು, ಯಾವತ್ತು, ಎಲ್ಲಿಗೆ ಮೂರೂ ಇತ್ತು: ಅತ್ತೆ, ಇವತ್ತು, ಲಾಂಡ್ರಿಗೆ. ಗಂಡ ಬಗ್ಗಿ ಅದನ್ನು ಓದಿ, ಹಳೇ ಚೀಟಿ ವಾಪಸ್ ತರಬೇಕಾದಾಗ ಜವಾನನನ್ನು ಕಳಿಸಬೇಡ, ನೀನೇ ಬಾ ಎಂದ. ಹೊರಗೆ ಆ ವರ್ಷದ ಮೊದಲ ಮಳೆ ಶುರುವಾಗಿತ್ತು. ಚೀಟಮ್ಮ ಅಭ್ಯಾಸಬಲದಿಂದ ಚಾವಣಿ ನೋಡಿದಳು, ಎಲ್ಲೂ ಸೋರುತ್ತಿರಲಿಲ್ಲ, ಕೆಲಸಕ್ಕೆ ಕೂತಳು.